ಹಸಿ ಇತ್ತಾ

ಸೋಮವಾರ ಬೆಳಿಗ್ಗೆ ಅನ್ಸೆಲ್ಮಾ ನೀರಿನ ಮಟ್ಟ ಅಳೆಯುವ ಸುರುಳಿಯ ಹಿಂಬದಿಯಿಂದ ಚೌಕ ಬ್ಯಾಟರಿಯನ್ನು ತೆಗೆದು ನಾಲಿಗೆಗೆ ಮುಟ್ಟಿಸಿದಳು. ಚುರುಕ್ ಎಂದಿತು. ಇನ್ನೂ ಜೀವ ಇದೆ. ಬ್ಯಾಟರಿ ಪರೀಕ್ಷಿಸಲೆಂದು ಕಂಪನಿಯವರು ತರಬೇತಿಯಲ್ಲಿ ಕೊಟ್ಟಿದ್ದ ಪುಟ್ಟ ಪೆಟ್ಟಿಗೆ ಮೊದಲ ಚಳಿಗಾಲಕ್ಕೇ ಕೆಟ್ಟುಹೋಗಿತ್ತು. ನಾಲಿಗೆ ನಾಲ್ಕು ವರ್ಷದಿಂದ ಕೆಟ್ಟಿರಲಿಲ್ಲ. ಬ್ಯಾಟರಿಯನ್ನು ಮತ್ತೆ ಹಾಕಿ ಮುಚ್ಚುವಾಗ ಅವಳಿಗೆ ನೆನಪಾಯಿತು, ಇವತ್ತು ಅಳೆಯುವುದಕ್ಕೆ ಏನೂ ಇಲ್ಲ. ಮೂರು ವಾರದ ಹಿಂದೆ ಪ್ರಯೋಗಾಲಯದ ವರದಿ ಬಂದ ದಿನವೇ ಕೊಳವೆಯ ಮುಚ್ಚಳಕ್ಕೆ ಹಳದಿ ಪಟ್ಟಿ ಸುತ್ತಿ ಮೊಹರು ಹಾಕಿದ್ದರು. ಕೈ ಮಾತ್ರ ತನ್ನ ಪಾಡಿಗೆ ತಾನು ಸೋಮವಾರದ ಕೆಲಸ ಮಾಡಿತ್ತು. ಅವಳು ಸುರುಳಿಯನ್ನು ಮೊಳೆಗೆ ನೇತುಹಾಕಿ ಒಲೆಯ ಕಡೆ ತಿರುಗಿದಳು. ಹತ್ತು ಗಂಟೆಗೆ ಸಭೆ ಇತ್ತು.

ಆ ಕೊಳವೆ ಊರಿನ ಆಚೆ, ಲಾಮಾಗಳು ಮೇಯುವ ಹುಲ್ಲಿನ ಜೌಗಿನ ನಡುವೆ ನೆಟ್ಟದ್ದು. ತೋಳಿನಷ್ಟು ದಪ್ಪ, ಮೂವತ್ತು ಮೀಟರ್ ಆಳ. ಸುರುಳಿಯ ಪಟ್ಟಿಯನ್ನು ಒಳಗೆ ಇಳಿಬಿಟ್ಟರೆ ನೀರು ತಾಗಿದ ಕಡೆ ಪೀಂ ಎನ್ನುತ್ತದೆ. ಆ ಅಂಕಿಯನ್ನು ನೋಟುಬುಕ್ಕಿನಲ್ಲಿ ಬರೆಯುವುದು ಅನ್ಸೆಲ್ಮಾಳ ಕೆಲಸ. ನಾಲ್ಕು ವರ್ಷದ ಹಿಂದೆ ಮೂರು ಮೀಟರ್ ಹನ್ನೆರಡಕ್ಕೆ ಕೂಗಿದ್ದು ಈ ಜುಲೈಯಲ್ಲಿ ಐದು ಮೀಟರ್ ನಲವತ್ತಕ್ಕೆ ಕೂಗಿತ್ತು. ಉಪ್ಪಿನ ಬಯಲಿನ ಅಡಿಯಿಂದ ಕಂಪನಿ ಉಪ್ಪುನೀರೆತ್ತಿ ಕೊಳಗಳಲ್ಲಿ ಒಣಗಿಸಿ, ಬ್ಯಾಟರಿ ಕಾರುಗಳಿಗೆ ಬೇಕಾದ ಲಿಥಿಯಂ ತೆಗೆಯುತ್ತದೆ. ಅದು ಬೇರೆ ನೀರು, ನಿಮ್ಮ ಜೌಗಿನದು ಬೇರೆ ನೀರು ಎಂದು ಕಂಪನಿ ಹೇಳುತ್ತದೆ. ಅಲ್ಲ ಎನ್ನುವುದಕ್ಕೆ ಅಗ್ವಾದಾ ಊರಿನ ಇಪ್ಪತ್ತಮೂರು ಮನೆಗಳ ಬಳಿ ಇದ್ದ ಸಾಕ್ಷಿ ಅನ್ಸೆಲ್ಮಾಳ ನೋಟುಬುಕ್ಕು ಒಂದೇ. ಮುಂದಿನ ತಿಂಗಳು ಹುಹುಯ್ ಪಟ್ಟಣದ ನ್ಯಾಯಾಲಯದಲ್ಲಿ ಅದನ್ನು ಮೇಜಿನ ಮೇಲಿಡಬೇಕಿತ್ತು. ಅಷ್ಟರಲ್ಲಿ ವರದಿ ಬಂತು. ಆಗಸ್ಟಿನಲ್ಲಿ ತೆಗೆದ ನೀರಿನಲ್ಲಿ ಸಕ್ಕರೆ, ಹುಳಿ, ಎಲೆಯ ಚೂರು. ಯಾರೋ ಮುಚ್ಚಳ ತೆಗೆದು ಏನೋ ಸುರಿದಿದ್ದಾರೆ. ಕೀಲಿಕೈ ಇರುವುದು ಎರಡೇ. ಒಂದು ಕಂಪನಿಯ ಕಚೇರಿಯಲ್ಲಿ, ಇನ್ನೊಂದು ಅನ್ಸೆಲ್ಮಾಳ ಕೊರಳಲ್ಲಿ. ಅನ್ಸೆಲ್ಮಾ ಅಂಥವಳಲ್ಲ, ಆದ್ದರಿಂದ ಕಂಪನಿಯೇ ಎಂದು ಊರು ತೀರ್ಮಾನ ಮಾಡಿತ್ತು. ಊರಿನ ಯೋಚನೆಯಲ್ಲಿ ಎಲ್ಲವೂ ಸರಿಯಾಗಿತ್ತು, ಅವಳ ವಿಷಯ ಒಂದನ್ನು ಬಿಟ್ಟು.

"ಸಾರಿಗೆ ಉಪ್ಪು ಎರಡು ಸಲ ಹಾಕಿದೀಯ," ಎಂದಳು ಅವ್ವ. ಅವ್ವ ಪ್ರಿಮಿತೀವಾ ಒಲೆಯ ಪಕ್ಕದ ಕುರಿತೊಗಲಿನ ಮೇಲೆ ಕೂತು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಎಂಬತ್ತೊಂದು ವರ್ಷ; ಉಪ್ಪಿನ ಬಯಲಿನ ಬೆಳಕಿಗೆ ಕಣ್ಣು ಹೋಗಿ ಹತ್ತು ವರ್ಷ. "ಉಪ್ಪು ಕಡಿದು ಬದುಕಿದೋಳು ನಾನು, ನಂಗೇ ಜಾಸ್ತಿ ಅನ್ನಿಸ್ತಾ ಇದೆ ಅಂದ್ರೆ ನೋಡು."

"ಮನಸ್ಸು ಎಲ್ಲೋ ಇತ್ತವ್ವ."

"ಎಲ್ಲಿತ್ತು ಅಂತ ನಂಗೊತ್ತು." ಅವ್ವ ಒಂದು ಗುಟುಕು ಕುಡಿದಳು. "ನಂಗೆ ಕಣ್ಣು ಹೋಗಿದೆ, ಮೂಗು ಹೋಗಿಲ್ಲ. ಅವತ್ತು ನೀನು ಬಾಯಿ ತೆಗೆದಾಗ ಹಸಿ ಮಣ್ಣಿನ ವಾಸ್ನೆ ಬರ್ಲಿಲ್ಲ. ಹಸಿ ಇದೆ ಅವ್ವ ಅಂದೆ ನೀನು. ನಾನೂ ಸುಮ್ನಿದ್ದೆ."

ಅವತ್ತು ಎಂದರೆ ಆಗಸ್ಟ್ ಒಂದು, ಪಚಮಾಮಳಿಗೆ, ಭೂಮಿತಾಯಿಗೆ ಉಣಿಸುವ ದಿನ. ಲಾಮಾ ದೊಡ್ಡಿಯ ಪಕ್ಕದಲ್ಲಿ ಪ್ರತಿ ಮನೆಗೂ ಒಂದು ಗುಂಡಿ ಇದೆ, ಅದಕ್ಕೆ ಬಾಯಿ ಎನ್ನುತ್ತಾರೆ. ವರ್ಷವಿಡೀ ಕಲ್ಲು ಮುಚ್ಚಿದ ಆ ಬಾಯಿಯನ್ನು ಆ ದಿನ ತೆಗೆಯಬೇಕು, ಮೊಣಕೈವರೆಗೆ ಕೈ ಇಳಿಸಿ ಮಣ್ಣು ಹಿಡಿದು ನೋಡಬೇಕು, ಆಮೇಲೆ ಬೇಯಿಸಿದ ಜೋಳ, ಮಾಂಸ, ಅಗಿಯುವ ಕೋಕಾ ಎಲೆ, ಜೋಳ ಹುಳಿಸಿದ ಚೀಚಾ ಹೆಂಡ ಒಂದೊಂದಾಗಿ ಉಣಿಸಬೇಕು. ಕೈಗೆ ಹಸಿ ಮಣ್ಣು ತಾಗಿದರೆ ತಾಯಿ ಆ ಮನೆಯ ಮೇಲೆ ಮುನಿದಿಲ್ಲ. ಮಾರನೆಯ ದಿನ ಒಬ್ಬರನ್ನೊಬ್ಬರು ಕಂಡಾಗ ಊಟ ಆಯ್ತಾ ಎಂದು ಕೇಳುವ ಹಾಗೆ "ಹಸಿ ಇತ್ತಾ?" ಎಂದು ಕೇಳುತ್ತಾರೆ. "ಇತ್ತು" ಎನ್ನುತ್ತಾರೆ. ಇರಲಿಲ್ಲ ಎಂದವರನ್ನು ಅನ್ಸೆಲ್ಮಾ ತನ್ನ ನಲವತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ. ಒಣಬಾಯಿ ಎಂದರೆ ಆ ಮನೆಯಲ್ಲಿ ಯಾರೋ ಕೊಡುವುದರಲ್ಲಿ ಜಿಪುಣತನ ಮಾಡಿದ್ದಾರೆ, ಅಥವಾ ಹೇಳಬಾರದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಾರೆ. ಈ ವರ್ಷ ಅವಳು ಮೊಣಕೈ ದಾಟಿಸಿ, ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವ ತನಕ ಕೈ ಇಳಿಸಿದ್ದಳು. ಭುಜದವರೆಗೆ. ಬೆರಳಿಗೆ ಸಿಕ್ಕಿದ್ದು ಹಿಟ್ಟಿನಂಥ ಪುಡಿ. ಅವ್ವ ಹಿಂದೆ ನಿಂತು ಕಾಯುತ್ತಿದ್ದಳು. ಸುಳ್ಳು ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ, ಅವಳಿಗೇ ಆಶ್ಚರ್ಯವಾಗಿತ್ತು.

ಹೊರಗೆ ವಾಹನದ ಸದ್ದಾಯಿತು. ಕಂಪನಿಯ ಇಂಜಿನಿಯರ್ ಬೆರ್ನಾರ್ದಾ, ಅನ್ಸೆಲ್ಮಾಳಿಗೆ ಅಳತೆ ಕಲಿಸಿದವಳು, ಮೂವತ್ತರ ಆಸುಪಾಸಿನ ಪಟ್ಟಣದ ಹೆಂಗಸು. ಊರವರ ದೂರನ್ನು ಕಂಪನಿಯ ಪರವಾಗಿ ತೆಗೆದುಕೊಂಡು ಹೋಗಲು ಬಂದಿದ್ದಳು. ನಡೆದೇ ಬರುತ್ತೇನೆಂದು ಅನ್ಸೆಲ್ಮಾ ಹೇಳಬಹುದಿತ್ತು. ಆದರೆ ಗಾಳಿ ಜೋರಾಗಿತ್ತು, ಬೆರ್ನಾರ್ದಾ ಆಗಲೇ ಬಾಗಿಲು ತೆರೆದಿದ್ದಳು, ಅನ್ಸೆಲ್ಮಾ ಹತ್ತಿ ಕೂತಳು. ಕೂತಮೇಲೆ, ಊರಿನವರು ನೋಡುತ್ತಾರಲ್ಲ ಎಂದು ಹ್ಯಾಟನ್ನು ಕೆಳಗೆ ಎಳೆದುಕೊಂಡಳು. ಆ ಕೆಲಸ ಅವಳಿಗೇ ನಾಚಿಕೆ ತರಿಸಿತು. ಮೇಲಿನ ತಿರುವಿನಲ್ಲಿ ಉಪ್ಪಿನ ಬಯಲು ಕಂಡಿತು, ಅದರ ನಡುವೆ ಕಂಪನಿಯ ಕೊಳಗಳು, ನೀಲಿ, ಹಸಿರು, ಹಳದಿ. ಆ ಬಯಲಿನಲ್ಲಿ ಅವಳ ಗಂಡ ಕೊಡಲಿಯಿಂದ ಉಪ್ಪಿನ ಇಟ್ಟಿಗೆ ಕಡಿಯುತ್ತಿದ್ದ. ಕಣ್ಣು ಮಾತ್ರ ಬಿಟ್ಟು ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡು ಸಂಜೆ ಮನೆಗೆ ಬಂದರೆ ಬಟ್ಟೆ ತೆಗೆಯುವ ತನಕ ಅದು ಅವನೋ ಅವನ ಅಣ್ಣ ತೊರೀಬಿಯೊನೋ ಗೊತ್ತಾಗುತ್ತಿರಲಿಲ್ಲ. ಒಂದು ಸಲ ತೊರೀಬಿಯೊನಿಗೇ ಕಾಲು ತೊಳೆಯಲು ನೀರು ಕೊಟ್ಟಿದ್ದಳು. ಆಗ ನೀರನ್ನು ಕಾಲಿಗೆ ಸುರಿಯುತ್ತಿದ್ದರು.

"ಅನ್ಸೆಲ್ಮಾ ಅವ್ರೇ, ನನ್ ಹತ್ರ ಒಂದು ಕಾಗದ ಇದೆ," ಎಂದಳು ಬೆರ್ನಾರ್ದಾ, ರಸ್ತೆಯಿಂದ ಕಣ್ಣು ತೆಗೆಯದೆ. "ಮುಚ್ಚಳ ತೆಗೆದೋರು ಯಾರೋ ಹೊರಗಿನೋರು, ಗೊತ್ತಾಗಿಲ್ಲ ಅಂತ. ಕಂಪನೀನೂ ಅಲ್ಲ, ನೀವೂ ಅಲ್ಲ. ನೀವು ಸೈನ್ ಹಾಕಿದ್ರೆ ಆಗಸ್ಟಿನ ಅಳತೆ ಮಾತ್ರ ಹೋಗುತ್ತೆ. ನಾಲ್ಕು ವರ್ಷದ್ದು ಉಳಿಯುತ್ತೆ."

"ಹಾಕದಿದ್ರೆ?"

"ನಿಮ್ಮ ಭಾವ ತೊರೀಬಿಯೊ ಕಂಪನಿ ಮೇಲೆ ದೂರು ಕೊಡ್ತಾರೆ, ನಮ್ಮ ವಕೀಲರು ತಿರುಗಿ ಬೀಳ್ತಾರೆ. ತನಿಖೆ ಆಗುತ್ತೆ. ಕೆಲಸದ ಕರಾರಿನ ಹದಿನಾಲ್ಕನೇ ಷರತ್ತು ನಿಮಗೆ ನೆನಪಿದೆಯಲ್ಲ."

ನೆನಪಿತ್ತು. ಕೀಲಿಕೈ ಇದ್ದವರು ಅಳತೆಗಲ್ಲದೆ ಬೇರೆ ಕಾರಣಕ್ಕೆ ಮುಚ್ಚಳ ತೆಗೆದರೆ ಅವರು ಬರೆದ ಅಳತೆಯೆಲ್ಲ ರದ್ದು. ಅದನ್ನು ಓದಿಯೇ ಅನ್ಸೆಲ್ಮಾ ಸಹಿ ಹಾಕಿದ್ದಳು. ತಾನು ಯಾಕೆ ಬೇರೆ ಕಾರಣಕ್ಕೆ ತೆಗೆಯಲಿ ಎಂದು ನಕ್ಕಿದ್ದು ಕೂಡ ನೆನಪಿತ್ತು.

"ಆ ಎಲೆ ಚೂರು ಕೋಕಾದ್ದು," ಎಂದಳು ಬೆರ್ನಾರ್ದಾ. "ನಮ್ಮ ಕಚೇರೀಲಿ ಯಾರೂ ಅದನ್ನ ಅಗಿಯಲ್ಲ. ನಾನೇನೂ ಕೇಳ್ತಾ ಇಲ್ಲ. ನೀವೂ ಏನೂ ಹೇಳ್ಬೇಡಿ."

ಒಳ್ಳೆಯ ಹೆಂಗಸು. ಒಳ್ಳೆಯವರ ಎದುರು ಸಣ್ಣವಳಾಗುವುದು ಕೆಟ್ಟವರ ಎದುರು ಸಣ್ಣವಳಾಗುವುದಕ್ಕಿಂತ ಕಷ್ಟ ಎಂದು ಅನ್ಸೆಲ್ಮಾಳಿಗೆ ಅನ್ನಿಸಿತು. ಶಾಲೆಯ ಪಕ್ಕ ವಾಹನ ನಿಧಾನವಾಯಿತು. ಅಲ್ಲಿ ತಂತಿಬೇಲಿಯೊಳಗೆ ಸುಟ್ಟ ಬ್ಯಾಟರಿ ಟ್ರಕ್ಕು ಕೂತಿತ್ತು. ಎರಡು ವರ್ಷದ ಹಿಂದೆ ಕಂಪನಿ ಊರಿಗೆ ಕೊಟ್ಟ ಉಡುಗೊರೆ ಅದು. ಹೊಗೆಯಿಲ್ಲದ ವಾಹನ ಎಂದು ಬ್ಯಾಂಡು ಬಾರಿಸಿ ಕೊಟ್ಟಿದ್ದರು. ಅದಕ್ಕೆ ಕರೆಂಟು ತುಂಬಲು ಹೊಗೆ ಕಾರುವ ಡೀಸೆಲ್ ಜನರೇಟರನ್ನೂ ಕೊಟ್ಟಿದ್ದರು. ಒಂದು ಮಧ್ಯಾಹ್ನ ನಿಂತಲ್ಲೇ ಟ್ರಕ್ಕಿನ ಹೊಟ್ಟೆಯೊಳಗಿಂದ ಹೊಗೆ ಎದ್ದಿತು. ಮಕ್ಕಳನ್ನು ಹಿಂಬಾಗಿಲಿನಿಂದ ಓಡಿಸಿದರು. ಕಂಪನಿಯ ಟ್ಯಾಂಕರು ಬಂದು ನೀರು ಹೊಡೆಯಿತು, ಬೆಂಕಿ ಆರಿತು. ಅರ್ಧ ಗಂಟೆ ಬಿಟ್ಟು ಮತ್ತೆ ಎದ್ದಿತು. ಎರಡನೇ ಟ್ಯಾಂಕರು, ಮೂರನೇ ಟ್ಯಾಂಕರು. ಊರು ಹದಿನೈದು ದಿನ ಕುಡಿಯುವಷ್ಟು ನೀರನ್ನು ಒಂದು ಟ್ರಕ್ಕು ಒಂದೇ ಮಧ್ಯಾಹ್ನ ಕುಡಿಯಿತು. ಅದರ ಬೂದಿಯ ನೀರು ಶಾಲೆಯ ಅಂಗಳ ದಾಟಿ ಹರಿದ ಕಡೆ ಈಗಲೂ ಹುಲ್ಲು ಹುಟ್ಟಿಲ್ಲ. ವಿಷ, ಯಾರೂ ಮುಟ್ಟಬೇಡಿ ಎಂದು ಬೇಲಿ ಹಾಕಿ ಹೋದವರು ಅದನ್ನು ಒಯ್ಯಲು ಇನ್ನೂ ಬಂದಿಲ್ಲ. ಅದು ಸುಡುವ ಮೊದಲು, ಆ ಟ್ರಕ್ಕಿಗೆ ಒರಗಿ, ಕೈಯಲ್ಲಿ ಅಳತೆಯ ಸುರುಳಿ ಹಿಡಿದು, ಹಲ್ಲೆಲ್ಲ ಕಾಣುವಂತೆ ನಕ್ಕ ಅನ್ಸೆಲ್ಮಾಳ ಫೋಟೊವನ್ನು ಕಂಪನಿ ಕ್ಯಾಲೆಂಡರ್ ಮಾಡಿ ಮನೆಮನೆಗೆ ಹಂಚಿತ್ತು. ಕೆಳಗೆ "ನೀರಿನ ಕಾವಲುಗಾರ್ತಿ" ಎಂದು ಅಚ್ಚಾಗಿತ್ತು. ನಗು ಎಂದು ಫೋಟೊ ತೆಗೆಯುವವನು ಹೇಳಿದ್ದ, ಅವಳು ನಕ್ಕಿದ್ದಳು, ಅಷ್ಟೇ. ಆದರೂ ಬಾಯಿ ಒಣಗಿದ್ದನ್ನು ಕಂಡ ಬೆಳಿಗ್ಗೆ ಅವಳಿಗೆ ಮೊದಲು ನೆನಪಾದದ್ದು ಆ ಹಲ್ಲುಗಳು.

ಆಗಸ್ಟ್ ಒಂದು ಈ ಸಲ ಸೋಮವಾರ ಬಿದ್ದಿತ್ತು. ಮನೆಯ ಬಾಯಿಗೆ ಉಣಿಸಿ, ಕಲ್ಲು ಮುಚ್ಚಿ, ಅವಳು ಅಳತೆಗೆ ಹೊರಟಿದ್ದಳು. ಗಂಟಿನಲ್ಲಿ ಮಧ್ಯಾಹ್ನದ ಬುತ್ತಿ, ಒಂದು ಬಾಟಲಿ ಚೀಚಾ. ಜೌಗಿನ ಅಂಚಿನ ಹುಲ್ಲು ಕಾಲಡಿಯಲ್ಲಿ ಮುರಿಯುತ್ತಿತ್ತು. ಸುರುಳಿ ಇಳಿಬಿಟ್ಟಳು, ಕೂಗಿತು, ಬರೆದುಕೊಂಡಳು. ಮುಚ್ಚಳ ಹಾಕಬೇಕು. ಹಾಕಲಿಲ್ಲ. ತನ್ನ ಮನೆಯ ಬಾಯಿಯಲ್ಲಿ ಹಾಕಿದ್ದು ತಾಯಿಯ ಗಂಟಲಿಗೂ ಇಳಿದಿರಲಿಕ್ಕಿಲ್ಲ. ಒಣ ಮಣ್ಣು ದಾರಿಯಲ್ಲೇ ಹೀರಿಕೊಂಡಿರುತ್ತದೆ. ಅಜ್ಜಿಯರು, ಮುತ್ತಜ್ಜಿಯರು ಎಲ್ಲರೂ ತೋಳಿನಳತೆಯಷ್ಟೇ ಆಳಕ್ಕೆ ಉಣಿಸಿದವರು. ಇದು ಮೂವತ್ತು ಮೀಟರ್. ನೇರ ಹೊಟ್ಟೆಗೇ ಹೋಗುತ್ತದೆ. ಹ್ಯಾಟು ತೆಗೆದಳು, ಮಂಡಿಯೂರಿದಳು. ಜೋಳ ನಾಲ್ಕು ಕಾಳು, ಕೋಕಾ ಎಲೆ ಎರಡೂ ಕೈಯಲ್ಲಿ, ಆಮೇಲೆ ಚೀಚಾ, ಪೂರ್ತಿ ಬಾಟಲಿ. ತಗೋ ತಾಯಿ, ನಗಬಾರದ ಕಡೆ ನಕ್ಕೆ, ಉಣ್ಣು. ಆಗ ಎಷ್ಟು ಹಗುರವಾಗಿತ್ತು ಎಂದರೆ, ಮನೆಯ ತನಕ ಅವಳು ಹಾಡಿಕೊಂಡು ಬಂದಿದ್ದಳು. ಮಾರನೆಯ ದಿನ ತೊರೀಬಿಯೊ ಸಿಕ್ಕಿದ. "ಹಸಿ ಇತ್ತಾ?" ಎಂದ. "ಇತ್ತು ಭಾವ, ನಿಮ್ಮನೇಲಿ?" ಎಂದಳು. "ನಮ್ಮನೇದು ಕೇಳ್ಬೇಡ," ಎಂದ ತೊರೀಬಿಯೊ, "ಕೈ ಹಾಕಿದ್ರೆ ಕೆಸರು! ಒರೆಸ್ಕೊಳ್ಳೋಕೆ ಬಟ್ಟೆ ಬೇಕಾಯ್ತು." ಅವನು ಊರಿನ ಮುಖ್ಯಸ್ಥ, ಕಂಪನಿಯಿಂದ ಒಂದು ಕಡ್ಡಿಯನ್ನೂ ಮುಟ್ಟದವನು. ಅವನ ಮನೆಯಲ್ಲಿ ಹಸಿ ಇರದೆ ಇನ್ನೆಲ್ಲಿ ಇರಬೇಕು ಎಂದುಕೊಂಡು ಅವಳು ಸಂಕಟದಿಂದ ಮುಂದೆ ನಡೆದಿದ್ದಳು.

ಸಭೆಯ ಮನೆಯಲ್ಲಿ ಮನೆಗೊಬ್ಬರಂತೆ ಬಂದು ಕೂತಿದ್ದರು. ಗೋಡೆಯ ಮೇಲೆ ಕ್ಯಾಲೆಂಡರು ನಗುತ್ತಿತ್ತು. ಅನ್ಸೆಲ್ಮಾ ಅದಕ್ಕೆ ಬೆನ್ನು ಹಾಕುವ ಜಾಗ ಹುಡುಕಿ ಕೂತಳು. ಬೆರ್ನಾರ್ದಾ ಬಾಗಿಲ ಬಳಿ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತು ಮೊಣಕಾಲಿನ ಮೇಲೆ ಫೈಲು ಇಟ್ಟುಕೊಂಡಳು. ತೊರೀಬಿಯೊ ಎದ್ದು ನಿಂತ. ಉಪ್ಪಿನಲ್ಲಿ ಮೂವತ್ತು ವರ್ಷ ಕೊಡಲಿ ಬೀಸಿದ ಭುಜಗಳು. ಕಾಗದವನ್ನೂ ಕೊಡಲಿಯಂತೆಯೇ ಹಿಡಿದಿದ್ದ.

"ಕಂಪನಿ ಮಾತು ನೀರಿನ ಮೇಲೆ ಬರೆದಂಗೆ ಅಂತಿದ್ವಿ ಮೊದ್ಲು," ಎಂದು ಶುರುಮಾಡಿದ. "ಈಗ ಬರೆಯೋಕೆ ನೀರೂ ಇಲ್ಲ." ಜನ ನಕ್ಕರು. "ಕೀಲಿಕೈ ಎರಡು. ಒಂದು ನಮ್ಮ ಅನ್ಸೆಲ್ಮಾ ಹತ್ರ. ಅನ್ಸೆಲ್ಮಾನ ಯಾರಾದ್ರೂ ಅನುಮಾನ ಪಡ್ತೀರಾ? ಇಲ್ಲ. ಹಂಗಾದ್ರೆ ಇನ್ನೊಂದು ಕೀಲಿಕೈನೋರು ಯಾಕೆ ಬಾಗಿಲ ಹತ್ರಾನೇ ಕೂತವ್ರೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಂಗೆ." ಮತ್ತೆ ನಗು. ಬೆರ್ನಾರ್ದಾ ಫೈಲನ್ನು ನೋಡುತ್ತಾ ಕೂತಿದ್ದಳು, ಅವಳ ಕಿವಿ ಕೆಂಪಾಗಿತ್ತು. ತೊರೀಬಿಯೊ ದೂರನ್ನು ಓದಿದ. ಕೊಳವೆಯ ಮುಚ್ಚಳವನ್ನು ಊರಿನವರು ಯಾರೂ ತೆಗೆದಿಲ್ಲ, ಅದರೊಳಗೆ ಊರಿನ ಯಾರ ಕೈಯಿಂದಲೂ ಏನೂ ಬಿದ್ದಿಲ್ಲ ಎಂದು ನಾವು ಭೂಮಿತಾಯಿಯ ಮೇಲೆ ಆಣೆ ಮಾಡಿ ಹೇಳುತ್ತೇವೆ. "ಮೊದಲನೇ ಸಹಿ ಅನ್ಸೆಲ್ಮಾದು," ಎಂದ.

ಪೆನ್ನು ಅವಳ ಕೈಗೆ ಬಂತು. ಒಂದು ಕಾಗದ ಮೇಜಿನ ಮೇಲೆ, ಇನ್ನೊಂದು ಬೆರ್ನಾರ್ದಾಳ ಫೈಲಿನಲ್ಲಿ. ಎರಡಕ್ಕೂ ಬೇಕಾದದ್ದು ಒಂದೇ ಮಾತು, ನಾನಲ್ಲ. ಅಷ್ಟು ಬರೆದರೆ ಊರಿನ ಬಳಿ ನೋಟುಬುಕ್ಕು ಉಳಿಯುತ್ತದೆ. ನಾಲ್ಕು ವರ್ಷದ ಸೋಮವಾರಗಳು, ಹಿಮ ಬಿದ್ದ ಸೋಮವಾರ, ಗಂಡನನ್ನು ಮಣ್ಣು ಮಾಡಿದ ಮಾರನೆಯ ಸೋಮವಾರ, ಎಲ್ಲ ಉಳಿಯುತ್ತವೆ. ಬರೆಯಬಾರದೇಕೆ? ಒಳ್ಳೆಯದಕ್ಕಾಗಿ ಒಂದು ಸುಳ್ಳು. ಅವಳು ಪೆನ್ನನ್ನು ಕಾಗದದ ಮೇಲೆ ಇಟ್ಟಳು ಕೂಡ. ಆದರೆ ಅವಳಿಗೆ ಆ ಮಂಡಿಯೂರಿದ ಬೆಳಿಗ್ಗೆ ನೆನಪಾಯಿತು, ಎರಡೂ ಕೈಯಲ್ಲಿ ಹಿಡಿದ ಎಲೆಗಳು. ಯಾರಿಗೋ ಹೊಟ್ಟೆತುಂಬ ಬಡಿಸಿ, ಆಮೇಲೆ ಅವರ ಎದುರಿಗೇ ಇವರು ಯಾರು, ನಾನು ಕಂಡೇ ಇಲ್ಲ ಎಂದ ಹಾಗೆ. ಅದು ಅವಳಿಂದ ಆಗಲಿಲ್ಲ. ನ್ಯಾಯ, ಸತ್ಯ ಎಂದೇನೂ ಅವಳು ಯೋಚಿಸಲಿಲ್ಲ, ಆಗಲಿಲ್ಲ, ಅಷ್ಟೇ.

"ಭಾವ, ಮುಚ್ಚಳ ತೆಗೆದೋಳು ನಾನೇ."

ಗಾಳಿಗೆ ಚಾವಣಿಯ ತಗಡು ಬಡಿದುಕೊಳ್ಳುವುದು ಕೇಳಿಸಿತು.

"ಏನಂದೆ?"

"ಆಗಸ್ಟ್ ಒಂದಕ್ಕೆ. ನಾನೇ ಉಣಿಸ್ದೆ. ಚೀಚಾ, ಜೋಳ, ಎಲೆ."

"ಕೊಳವೆಗಾ?" ತೊರೀಬಿಯೊನ ದನಿ ಏರಿತು. "ತಲೆ ನೆಟ್ಟಗಿದೆಯಾ ನಿಂಗೆ? ನಾಲ್ಕು ವರ್ಷ! ಒಂದು ಬಾಟ್ಲಿ ಚೀಚಾಕ್ಕೆ ನಾಲ್ಕು ವರ್ಷಾನ ತೊಳೆದುಬಿಟ್ಟೆಯಲ್ಲೇ! ನಿಮ್ಮನೇಲಿ ಬಾಯಿ ಇರ್ಲಿಲ್ವಾ? ಅಲ್ಲಿ ಉಣಿಸೋಕೇನಾಗಿತ್ತು?"

ಬೆರ್ನಾರ್ದಾ ಎದ್ದು ನಿಂತಿದ್ದಳು. "ಅನ್ಸೆಲ್ಮಾ ಅವ್ರೇ, ನೀವು ಹೇಳಿದ್ದನ್ನ ನಾನು ಬರೀಲೇಬೇಕಾಗುತ್ತೆ," ಎಂದಳು ಮೆಲ್ಲಗೆ, ಬೇಡ ಎನ್ನುವ ಹಾಗೆ. "ಬರೀರಿ," ಎಂದಳು ಅನ್ಸೆಲ್ಮಾ. ಕೊರಳಿನಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟಳು. ಚೀಲದಿಂದ ನೋಟುಬುಕ್ಕು ತೆಗೆದು ಅದರ ಪಕ್ಕ ಇಟ್ಟಳು. ಎರಡು ತಿಂಗಳು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದದ್ದು ಈಗ ಹೊರಗೆ ಬರುತ್ತಿತ್ತು.

"ಬಾಯಿ ಇತ್ತು ಭಾವ. ಹಸಿ ಇರ್ಲಿಲ್ಲ. ನಿಮ್ಮೆಲ್ಲರ ಹತ್ರ ಇತ್ತು ಅಂದೆ, ಸುಳ್ಳು. ಇಲ್ಲಿವರೆಗೂ ಕೈ ಹಾಕ್ದೆ." ಅವಳು ಎಡಗೈಯಿಂದ ತನ್ನ ಬಲಭುಜವನ್ನು ಮುಟ್ಟಿ ತೋರಿಸಿದಳು. "ಪುಡಿ. ಕಂಪನಿ ಕೆಲ್ಸ ಮಾಡಿದ್ದಕ್ಕೆ, ಆ ಕ್ಯಾಲೆಂಡರಲ್ಲಿ ನಕ್ಕಿದ್ದಕ್ಕೆ ತಾಯಿ ನನ್ನ ಮೇಲೆ ಮುನಿಸ್ಕೊಂಡವ್ಳೆ ಅಂದ್ಕೊಂಡೆ. ಆಳಕ್ಕೆ ಉಣಿಸಿದ್ರಾದ್ರೂ ತಲುಪುತ್ತೇನೋ ಅಂತ ಅಲ್ಲಿ ಸುರಿದೆ."

ತಪ್ಪಿತಸ್ಥೆಯನ್ನು ನೋಡಬೇಕಾದ ಕಣ್ಣುಗಳು ಅವಳನ್ನು ನೋಡುತ್ತಿಲ್ಲ, ನೆಲ ನೋಡುತ್ತಿವೆ ಎಂದು ಅವಳಿಗೆ ತಡವಾಗಿ ಗೊತ್ತಾಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಉಪ್ಪು ಕಡಿಯುವ ಮುದುಕ ಕೆಮ್ಮಿದ. "ನಮ್ಮನೇಲೂ ಅಷ್ಟೇ," ಎಂದ. "ಮೂರು ವರ್ಷ ಆಯ್ತು. ಸೊಸೆ ಕೈ ಬಿಗಿ ಮಾಡ್ತಾಳೆ ಅಂತ ಅವ್ಳನ್ನ ಬೈತಿದ್ದೆ." ಅವನ ಕೈ ಮೆಲ್ಲಗೆ ಏರಿ ಭುಜದ ಮೇಲೆ ನಿಂತಿತು. ಅವನ ಪಕ್ಕದ ಹೆಂಗಸು, ಶಾಲೆಯಲ್ಲಿ ಅಡುಗೆ ಮಾಡುವವಳು, ತಾನೂ ತನ್ನ ಭುಜ ಮುಟ್ಟಿದಳು. ಆಮೇಲೆ ಕಿಟಕಿಯ ಬಳಿ ಇಬ್ಬರು. ಒಬ್ಬ ಮೊಣಕೈ ಮತ್ತು ಭುಜದ ನಡುವೆ ಕೈ ಇಟ್ಟು, "ಇಲ್ಲಿ ಸ್ವಲ್ಪ ಇತ್ತು," ಎಂದು, ಮತ್ತೆ ಯೋಚಿಸಿ ಕೈಯನ್ನು ಮೇಲಕ್ಕೆ ಸರಿಸಿದ. ಕೆಲವರು ಅಳುತ್ತಿದ್ದರು, ಒಬ್ಬಳು ನಗುತ್ತಿದ್ದಳು. ಅನ್ಸೆಲ್ಮಾ ಎಣಿಸಿದಳು, ಅಳತೆಯ ಕೆಲಸ ಅವಳಿಗೆ ಅಭ್ಯಾಸವಾಗಿತ್ತು. ಹದಿನೆಂಟು, ಹತ್ತೊಂಬತ್ತು. ತನ್ನದೂ ಸೇರಿ ಇಪ್ಪತ್ತೆರಡು ಮನೆ; ಉಳಿದದ್ದು ಒಂದೇ.

ಬೆರ್ನಾರ್ದಾ ಫೈಲನ್ನು ತೆರೆದು ಹಿಡಿದಿದ್ದಳು. ಮುಚ್ಚಳ ತೆಗೆದವರ ಹೆಸರು ಎಂಬಲ್ಲಿ ಅನ್ಸೆಲ್ಮಾಳ ಹೆಸರನ್ನು ಬರೆದಾಗಿತ್ತು, ನಾಲ್ಕು ವರ್ಷದ ಅಂಕಿಗಳ ಮುಂದೆ ರದ್ದು ಎಂದೂ ಬರೆದಾಗಿತ್ತು. ಅದರ ಕೆಳಗೆ ಪೆನ್ನು ನಿಂತಿತ್ತು. "ಇದನ್ನ ಎಲ್ಲಿ ಬರೀಲಿ?" ಎಂದಳು. "ಇದಕ್ಕೆ ನನ್ನ ಫಾರಮ್ಮಲ್ಲಿ ಜಾಗ ಇಲ್ಲ." ಜನರೆಲ್ಲ ತೊರೀಬಿಯೊನ ಕಡೆ ನೋಡುತ್ತಿದ್ದರು. ಅವನು ದೂರಿನ ಕಾಗದವನ್ನು ಎತ್ತಿ ಮಡಿಸಿದ. ಕಾಗದವನ್ನು ಮೇಜಿನ ಮೇಲೆ ಇಟ್ಟ. ಅದು ಗಾಳಿಗೆ ಹಾರದಂತೆ ಅದರ ಮೇಲೆ ಅನ್ಸೆಲ್ಮಾಳ ಕೀಲಿಕೈ ಇಟ್ಟ. ಆಮೇಲೆ ಯಾರ ಮುಖವನ್ನೂ ನೋಡದೆ, ನಿಧಾನವಾಗಿ, ಎಡಗೈ ಎತ್ತಿ ತನ್ನ ಭುಜ ಮುಟ್ಟಿದ.